ಪಾರಿವಾಳ ಹಾರಿಬಿಡುವ ಕ್ಷಣದ ಫೋಟೊಗೆ ಒಂದು ಸಲಹೆ

ಮದುವೆ ಅಥವಾ ನಿಶ್ಚಿತಾರ್ಥದಲ್ಲಿ ಜೋಡಿಯು ಬಿಳಿ ಪಾರಿವಾಳಗಳನ್ನು ಹಾರಿಬಿಡುವ ಚಿತ್ರಕ್ಕೆ, ಫೋಕಸನ್ನು ಅವರ ಮುಖಗಳ ಮೇಲೆ ಮೊದಲೇ ಹೊಂದಿಸಿ ಅದು ಮತ್ತೆ ಕದಲದಂತೆ ಮ್ಯಾನ್ಯುಯಲ್ ಫೋಕಸ್‌ಗೆ ಬದಲಿಸಿಕೊಳ್ಳಿ; ‘ಒಂದು, ಎರಡು, ಮೂರು’ ಎಂದು ಎಣಿಸುವಾಗ ‘ಎರಡು’ ಎಂದೊಡನೆಯೇ ಬರ್ಸ್ಟ್ (ಒಂದರ ಹಿಂದೊಂದು ಸತತವಾಗಿ ಚಿತ್ರ ತೆಗೆಯುವುದು) ಆರಂಭಿಸಿ. ಆಟೊಫೋಕಸ್ ರೆಕ್ಕೆಗಳ ಬೆನ್ನುಹತ್ತಿ ಮುಖಗಳನ್ನು ಮಸುಕಾಗಿಸುತ್ತದೆ, ಹಕ್ಕಿಗಳು ಹಾರಿದ್ದನ್ನು ಕಂಡ ಮೇಲೆ ಬಟನ್ ಒತ್ತಿದರೆ ಅವು ಆಗಲೇ ಚೌಕಟ್ಟು ದಾಟಿರುತ್ತವೆ. ಸುಮಾರು 35 ಮಿ.ಮೀ. ಲೆನ್ಸ್, ಎಫ್/8 ಅಪರ್ಚರ್ (ಲೆನ್ಸ್ ಬೆಳಕಿಗೆ ತೆರೆದುಕೊಳ್ಳುವ ಅಳತೆ), ಸೆಕೆಂಡಿನ 1/2000 ಶಟರ್ ವೇಗ ಸಾಕು. ತಲೆಯ ಮೇಲೆ ಧಾರಾಳವಾಗಿ ಜಾಗ ಬಿಡಿ. ನಮ್ಮ ಚಿತ್ರದುರ್ಗದ ಕಡೆಯ ಹೆಬ್ಬಂಡೆಗಳಂತಹ ಕಡುಬಣ್ಣದ ಹಿನ್ನೆಲೆಯಲ್ಲಿ ಬಿಳಿ ರೆಕ್ಕೆಗಳು ಬಹಳ ಚೆನ್ನಾಗಿ ಎದ್ದು ಕಾಣುತ್ತವೆ, ಆದರೆ ಕ್ಯಾಮೆರಾ ಆ ಕಪ್ಪನ್ನೇ ಅಳೆದು ಚಿತ್ರವನ್ನು ಅತಿಯಾಗಿ ಬೆಳಗಿಸಿ ಗರಿಗಳ ವಿವರವನ್ನು ಸುಟ್ಟುಬಿಡುವುದರಿಂದ ಎಕ್ಸ್‌ಪೋಷರನ್ನು ಸುಮಾರು ಒಂದು ಸ್ಟಾಪ್ (ಅಂದರೆ ಬೆಳಕನ್ನು ಅರ್ಧಕ್ಕೆ) ಇಳಿಸಬೇಕು. ಮೋಡ ಕವಿದ ಬಿಳಿ ಆಕಾಶದೆದುರು ಈ ಉಪಾಯ ಫಲಿಸದು, ಹಕ್ಕಿಗಳು ಅದರಲ್ಲೇ ಕರಗಿಹೋಗುತ್ತವೆ; ಕಲ್ಯಾಣ ಮಂಟಪದೊಳಗಿನ ಮಂದ ಬೆಳಕಿನಲ್ಲಂತೂ ಆ ಶಟರ್ ವೇಗವೇ ಸಿಗದು. ಸಂಜೆಗೆ ಮುಂದೂಡುವುದೂ ಬೇಡ: ಗೂಡಿಗೆ ಮರಳಲು ತರಬೇತಿ ಪಡೆದ ಪಾರಿವಾಳಗಳಿಗೂ ಕತ್ತಲಲ್ಲಿ ದಾರಿ ತಪ್ಪುತ್ತದೆ, ತರಬೇತಿಯಿಲ್ಲದೆ ಪಂಜರದಲ್ಲೇ ಬೆಳೆದವು ಹೊರಗೆ ಬದುಕುವುದೇ ಕಷ್ಟ. ಆದ್ದರಿಂದ ಹಕ್ಕಿಗಳು ಯಾರವು, ಎಲ್ಲಿಗೆ ಮರಳುತ್ತವೆ ಎಂಬುದನ್ನು ಬುಕಿಂಗ್ ಸಮಯದಲ್ಲೇ ದಯವಿಟ್ಟು ವಿಚಾರಿಸಿಕೊಳ್ಳಿ.