ಫ್ರಿಜ್ಜಿನ ಮೂರನೇ ಪಿನ್ನು ಸುಮ್ನೆ ಇಟ್ಟಿಲ್ಲ

ಹೊಸ ಫ್ರಿಜ್ ತಂದ ತಕ್ಷಣ ಎಲ್ಲರೂ ಸ್ಟೆಬಿಲೈಸರ್ ಯಾವುದು ತಗೋಬೇಕು ಅಂತ ಕೇಳ್ತಾರೆ. ಅರ್ಥಿಂಗ್ ಸರಿಯಾಗಿದೆಯಾ ಅಂತ ಕೇಳೋರು ಕಡಿಮೆ. ನಮ್ಮ ಚಿಂತಾಮಣಿ ಕಡೆ ಹಳೇ ಮನೆಗಳಲ್ಲಿ ಸಾಕೆಟ್ಟಿಗೆ ಮೂರು ತೂತು ಇರುತ್ತೆ, ಆದರೆ ಎಷ್ಟೋ ಕಡೆ ಮೇಲಿನ ದೊಡ್ಡ ತೂತಿನ ಹಿಂದೆ ವೈರೇ ಇರಲ್ಲ! ಎಲೆಕ್ಟ್ರಿಷಿಯನ್ ಕರೆಸಿ, ಮೇನ್ ಆಫ್ ಮಾಡಿಸಿ, ಬೋರ್ಡ್ ಬಿಚ್ಚಿಸಿ ನೋಡಿ. ಆ ತೂತಿಗೆ ಹಸಿರು ವೈರು ಬಂದಿರಬೇಕು, ಅದು ಹೊರಗಿನ ಅರ್ಥ್ ಗುಂಡಿವರೆಗೂ ಹೋಗಿರಬೇಕು. ಫ್ರಿಜ್ಜಿನ ಮೈ ತಗಡು. ಒಳಗೆಲ್ಲೋ ವೈರು ಸವೆದು ಅಥವಾ ಇಲಿ ಕಡಿದು ಮೈಗೆ ತಾಗಿದರೆ, ಕರೆಂಟು ಆ ಹಸಿರು ವೈರಿನಲ್ಲೇ ಭೂಮಿಗೆ ಇಳಿಯಬೇಕು. ಅದಿಲ್ಲ ಅಂದರೆ ಒದ್ದೆ ನೆಲದಲ್ಲಿ ಬರಿಗಾಲಲ್ಲಿ ನಿಂತು ಬಾಗಿಲು ತೆಗೆಯೋರ ಮೈಯಿಂದಲೇ ಇಳಿಯುತ್ತೆ.

ಗುಂಡಿ ಇದ್ದರಷ್ಟೇ ಸಾಲದು. ಉಪ್ಪು, ಇದ್ದಿಲು ಹಾಕಿ ಮುಚ್ಚಿದ್ದರೂ ಬೇಸಿಗೆಯಲ್ಲಿ ನಮ್ಮ ಮಣ್ಣು ಒಣಗಿ ಬಿರುಕು ಬಿಡುತ್ತೆ, ಒಣ ಮಣ್ಣು ಕರೆಂಟನ್ನ ಸರಿಯಾಗಿ ಎಳೆದುಕೊಳ್ಳಲ್ಲ. ಆಗಾಗ ಒಂದು ಬಿಂದಿಗೆ ನೀರು ಹುಯ್ಯಿರಿ. ಜೊತೆಗೆ 30 ಮಿಲಿ ಆಂಪಿಯರಿನ ಆರ್‌ಸಿಸಿಬಿ ಅನ್ನೋ ಸೇಫ್ಟಿ ಸ್ವಿಚ್ಚು ಹಾಕಿಸಿ. ಕರೆಂಟು ಸೋರಿದರೆ ಕ್ಷಣದಲ್ಲಿ ಲೈನ್ ಕಟ್ ಮಾಡುತ್ತೆ. ಫ್ಯೂಸಿನ ಬದಲು ಹಾಕೋ ಎಂಸಿಬಿ ಸ್ವಿಚ್ಚು ಇದೆಯಲ್ಲ ಅನ್ನಬೇಡಿ, ಅದು ಓವರ್‌ಲೋಡಿಗೆ, ಶಾರ್ಟಿಗೆ ಬೀಳೋದು, ಇಂಥ ಸಣ್ಣ ಸೋರಿಕೆಗಲ್ಲ.

ಮೂರನೇ ಪಿನ್ನು ಮುರಿದು ಎರಡು ಪಿನ್ನಿನ ಸಾಕೆಟ್ಟಿಗೆ ತುರುಕೋದು, ಟಿವಿ, ಮಿಕ್ಸಿ ಎಲ್ಲಾ ಸಿಕ್ಕಿಸಿರೋ ಎಕ್ಸ್‌ಟೆನ್ಷನ್ ಬಾಕ್ಸಿಗೇ ಫ್ರಿಜ್ಜೂ ಸಿಕ್ಕಿಸೋದು, ಎರಡೂ ಬೇಡ. ಅದಕ್ಕೆ ಅಂತಲೇ ಗೋಡೆ ಸಾಕೆಟ್ ಇರಲಿ. ಪ್ಲಗ್ಗು ಬಿಸಿಯಾಗಿದ್ದರೆ, ಸಾಕೆಟ್ಟಿನ ತೂತಿನ ಸುತ್ತ ಕಂದು ಬಣ್ಣ ಬಂದಿದ್ದರೆ ಒಳಗೆ ಲೂಸ್ ಕನೆಕ್ಷನ್ ಇದೆ ಅಂತ ಅರ್ಥ. ಬದಲಾಯಿಸಿಬಿಡಿ.

ಈಗ ಸ್ಟೆಬಿಲೈಸರ್ ವಿಷಯ. ಹಳ್ಳಿ ಕಡೆ ತ್ರೀ ಫೇಸ್ ಕೊಟ್ಟ ಕೂಡಲೇ ಬೋರ್‌ವೆಲ್ ಮೋಟರುಗಳೆಲ್ಲ ಒಟ್ಟಿಗೆ ಶುರುವಾಗಿ 230 ಇರಬೇಕಾದ ವೋಲ್ಟೇಜು ಕುಸಿಯುತ್ತೆ ಅಲ್ವಾ, ಆಗ ಫ್ರಿಜ್ಜಿನ ಹಿಂದೆ ಕಿವಿಗೊಡಿ. ಕಂಪ್ರೆಸರ್ ಗುಂಯ್ ಅಂತ ಒದ್ದಾಡಿ, ಟಕ್ ಅಂತ ನಿಂತು, ಸ್ವಲ್ಪ ಹೊತ್ತಿಗೆ ಮತ್ತೆ ಗುಂಯ್ ಅಂತಿದ್ದರೆ ಸ್ಟೆಬಿಲೈಸರ್ ಬೇಕೇ ಬೇಕು. ಫ್ರಿಜ್ಜಿಗೆ ಅಂತಲೇ ಮಾಡಿದ್ದು, ಕರೆಂಟು ಬಂದ ಮೇಲೆ ಮೂರ್ನಾಲ್ಕು ನಿಮಿಷ ತಡ ಮಾಡಿ ಆನ್ ಆಗೋದು ತಗೊಳ್ಳಿ. ಒಳಗಿನ ಗ್ಯಾಸಿನ ಒತ್ತಡ ಇಳಿಯೋಕೆ ಅಷ್ಟು ಹೊತ್ತು ಬೇಕು. ಹೊಸ ಇನ್ವರ್ಟರ್ ಫ್ರಿಜ್ಜಾದರೆ (ಕಂಪ್ರೆಸರಿನ ವೇಗ ತಾನೇ ಹೆಚ್ಚು ಕಡಿಮೆ ಮಾಡಿಕೊಳ್ಳೋದು) ಎಷ್ಟರಿಂದ ಎಷ್ಟು ವೋಲ್ಟೇಜಿಗೆ ತಡೆಯುತ್ತೆ ಅಂತ ಪುಸ್ತಕದಲ್ಲಿ ಬರೆದಿರುತ್ತೆ. ನಿಮ್ಮನೆ ವೋಲ್ಟೇಜು ಅದರೊಳಗೇ ಇದ್ದರೆ ಸುಮ್ನೆ ದುಡ್ಡು ದಂಡ.

ಇನ್ನು ಕೆಲವರು ಇರ್ತಾರೆ, ಹಿಡಿ ಮುಟ್ಟಿದರೆ ಜುಮ್ ಅನ್ನುತ್ತೆ ಅಂತ ಕೆಳಗೆ ಗೋಣಿಚೀಲ ಹಾಸಿ, ಚಪ್ಪಲಿ ಹಾಕ್ಕೊಂಡು ದಿನ ದೂಡ್ತಾರೆ. ಹಂಗೆ ಮಾಡಬೇಡಿ. ಮೊದಲು ಮೇನ್ ಆಫ್ ಮಾಡಿ, ಆಮೇಲೆ ಪ್ಲಗ್ ಕೀಳಿ, ರಿಪೇರಿಯವರು ಬಂದು ನೋಡೋವರೆಗೂ ಹಾಲು, ಮೊಸರು ಪಕ್ಕದ ಮನೆ ಫ್ರಿಜ್ಜಲ್ಲಿರಲಿ.