ಲೈಬ್ರರಿ ಸುದ್ದಿ ಹಾಳೆ: ಬರೆದು, ತಪ್ಪು ಮಾಡಿ ಕಲಿತಿದ್ದು

ನಾನು ಕೆಲಸಕ್ಕೆ ಸೇರಿದ ದಿನ ಲೈಬ್ರರಿಯ ನೋಟಿಸ್ ಬೋರ್ಡಿನಲ್ಲಿ ಮೂರು ಕಾಗದ ಇದ್ದವು. ಒಂದು ‘ನಿಶ್ಶಬ್ದವಾಗಿರಿ’. ಇನ್ನೊಂದು ರಜೆ ದಿನಗಳ ಪಟ್ಟಿ, ಅದೂ ಹಿಂದಿನ ವರ್ಷದ್ದು. ಮೂರನೆಯದು ಬಿಸಿಲಿಗೆ ಬಿಳಚಿಕೊಂಡು ಅಕ್ಷರವೇ ಕಾಣುತ್ತಿರಲಿಲ್ಲ. ಮುಖ್ಯವಾದದ್ದು ಇರಬಹುದು ಅಂತ ಅದನ್ನು ತೆಗೆಯೋಕೆ ಯಾರಿಗೂ ಧೈರ್ಯ ಬಂದಿರಲಿಲ್ಲ.

ಎರಡು ಕೋಣೆ, ಒಂದು ಮೇಜು, ನಾನು, ವಾರಕ್ಕೆ ಮೂರು ದಿನ ಬಂದು ಕೈಜೋಡಿಸುವ ಒಬ್ಬರು. ಇಷ್ಟೇ ನಮ್ಮ ಲೈಬ್ರರಿ. ಇಲ್ಲಿ ಸುದ್ದಿ ಅನ್ನುವಂಥದ್ದು ಏನಿರುತ್ತದೆ ಅಂತ ನನಗೂ ಅನ್ನಿಸಿತ್ತು. ಆದರೂ ತಿಂಗಳಿಗೊಂದು ಸುದ್ದಿ ಹಾಳೆ ತರೋಣ ಅಂತ ಹೊರಟೆ.

ಮೊದಲ ಹಾಳೆಯನ್ನು ಈಗ ಓದಿದರೆ ನಗು ಬರುತ್ತದೆ. ‘ಈ ಮೂಲಕ ಸಮಸ್ತ ಓದುಗರ ಗಮನಕ್ಕೆ ತರುವುದೇನೆಂದರೆ’ ಅಂತ ಶುರು. ‘ಸದುಪಯೋಗ ಪಡೆದುಕೊಳ್ಳತಕ್ಕದ್ದು’ ಅಂತ ಮುಕ್ತಾಯ. ನಡುವೆ ಹೊಸದಾಗಿ ಬಂದ ನಲವತ್ತು ಪುಸ್ತಕಗಳ ಪಟ್ಟಿ, ಲೇಖಕರ ಹೆಸರು, ಪ್ರಕಟವಾದ ವರ್ಷ, ಅಕ್ಸೆಷನ್ ನಂಬರ್ (ಲೈಬ್ರರಿಗೆ ಬಂದ ಪ್ರತಿ ಪುಸ್ತಕಕ್ಕೂ ನಾವು ಕೊಡುವ ದಾಖಲೆ ಸಂಖ್ಯೆ) ಸಮೇತ. ಅಕ್ಸೆಷನ್ ನಂಬರ್ ಕಟ್ಟಿಕೊಂಡು ಓದುಗರು ಏನು ಮಾಡಬೇಕು? ಐವತ್ತು ಪ್ರತಿ ಮಾಡಿಸಿದ್ದೆ, ಹೆಚ್ಚುಕಡಿಮೆ ಎಲ್ಲವೂ ಮೇಜಿನ ಮೇಲೇ ಉಳಿದವು. ಎರಡೂ ಕಡೆ ಅಚ್ಚಾಗಿದ್ದರಿಂದ ಲೆಕ್ಕ ಬರೆಯೋಕೂ ಆಗಲಿಲ್ಲ.

ದಾರಿ ತೋರಿಸಿದ್ದು ಮೇಜಿನ ಮುಂದೆ ದಿನಾ ನಡೆಯುತ್ತಿದ್ದ ಒಂದು ಮಾತು. ಒಬ್ಬರು ಪುಸ್ತಕ ವಾಪಸ್ ಕೊಡುತ್ತಾರೆ. ಹಿಂದೆ ನಿಂತವರು ಕತ್ತು ಚಾಚಿ, “ಮೇಡಂ, ಅದ್ಯಾವುದು? ನನಗೆ ಕೊಡ್ತೀರಾ?” ಅಂತಾರೆ. ಕಪಾಟಿನಲ್ಲಿ ಆರು ತಿಂಗಳು ಯಾರೂ ಮುಟ್ಟದೆ ಇದ್ದ ಪುಸ್ತಕ, ಇನ್ನೊಬ್ಬರ ಕೈಯಲ್ಲಿ ಕಂಡ ತಕ್ಷಣ ಬೇಕಾಗಿಬಿಡುತ್ತದೆ! ಹಾಗಾಗಿ ಮೇಜಿನ ಪಕ್ಕ ಒಂದು ಸಣ್ಣ ರ‍್ಯಾಕ್ ಇಟ್ಟೆ. ‘ಈಗಷ್ಟೇ ವಾಪಸ್ ಬಂದವು’ ಅಂತ ಬರೆದೆ. ವಾಪಸ್ ಬಂದದ್ದನ್ನು ತಕ್ಷಣ ಒಳಗೆ ಜೋಡಿಸುವುದಿಲ್ಲ, ಎರಡು ದಿನ ಅಲ್ಲೇ ಇರುತ್ತವೆ. ಸಾಕಷ್ಟು ಅಲ್ಲಿಂದಲೇ ಮತ್ತೆ ಮನೆಗೆ ಹೋಗುತ್ತವೆ. ಜೋಡಿಸುವ ಕೆಲಸವೂ ಉಳಿಯಿತು. ಸೋಮಾರಿತನಕ್ಕೆ ಇಷ್ಟು ಒಳ್ಳೆ ಫಲ ಸಿಕ್ಕಿದ್ದು ಅದೇ ಮೊದಲು.

ಲೈಬ್ರರಿ ಕೋರ್ಸ್ ಓದುವಾಗ ನಾವೆಲ್ಲ, ಲೈಬ್ರರಿ ಹೇಗಿರಬೇಕು ಅಂತ ಹೇಳುವ ರಂಗನಾಥನ್ ಅವರ ಐದು ಸೂತ್ರ ಬಾಯಿಪಾಠ ಮಾಡಿದವರೇ. ಗಣಿತದ ಮೇಷ್ಟ್ರಾಗಿದ್ದವರು 1924ರಲ್ಲಿ ಮದ್ರಾಸ್ ವಿಶ್ವವಿದ್ಯಾಲಯದ ಲೈಬ್ರರಿಗೆ ಬಂದರು, 1931ರಲ್ಲಿ ಆ ಸೂತ್ರಗಳನ್ನು ಪ್ರಕಟಿಸಿದರು. ಅವುಗಳಲ್ಲಿ ಮೂರು: ಪ್ರತಿ ಓದುಗನಿಗೂ ಅವನ ಪುಸ್ತಕ, ಪ್ರತಿ ಪುಸ್ತಕಕ್ಕೂ ಅದರ ಓದುಗ, ಓದುಗನ ಸಮಯ ಉಳಿಸಿ. ಪರೀಕ್ಷೆಯಲ್ಲಿ ಬರೆದು ಅಂಕ ತಗೊಂಡಿದ್ದೆ. ಅರ್ಥವಾಗಿದ್ದು ಮಾತ್ರ ಈ ರ‍್ಯಾಕ್ ಮುಂದೆ.

ಆಮೇಲೆ ಹಾಳೆಯನ್ನೂ ಬದಲಾಯಿಸಿದೆ. ನಲವತ್ತು ಹೆಸರಿನ ಬದಲು ಮೂರೇ ಪುಸ್ತಕ, ಒಂದೊಂದಕ್ಕೂ ಎರಡೆರಡು ಸಾಲು. ‘ಉತ್ತಮ ಕೃತಿ, ಎಲ್ಲರೂ ಓದಲೇಬೇಕು’ ಅಂತಲ್ಲ. ‘ಅಕ್ಷರ ದಪ್ಪಗಿದೆ, ಕನ್ನಡಕ ಮರೆತು ಬಂದ ದಿನವೂ ಓದಬಹುದು’, ‘ಅಧ್ಯಾಯಗಳು ಚಿಕ್ಕವು, ಬಸ್ಸಿಗೆ ಕಾಯುವಾಗ ಒಂದೊಂದು ಮುಗಿಯುತ್ತದೆ’ – ಈ ಥರ. ಇಂಥ ಸಾಲು ಬರೆಯೋಕೆ ಪುಸ್ತಕ ತೆರೆದು ನೋಡಲೇಬೇಕು. ಅದೊಂದು ಕಷ್ಟ.

ಜೊತೆಗೆ ತಿಂಗಳಿಗೊಂದು ವಿಷಯ. ಮೊದಲು ಆರಿಸಿದ್ದು ಗಿಡಗಳು. ನಮ್ಮದು ಡ್ಯೂಯಿ ದಶಮಾಂಶ ಪದ್ಧತಿ, ವಿಷಯಕ್ಕೊಂದು ನಂಬರ್ ಕೊಟ್ಟು ಪುಸ್ತಕ ಜೋಡಿಸುವುದು, 1876ರಿಂದ ಬಂದಿದ್ದು. ಅದರಲ್ಲಿ ಗಿಡಗಳ ವಿಜ್ಞಾನ 580ರಲ್ಲಿ, ತೋಟದ ಕೆಲಸ 635ರಲ್ಲಿ. ಗಿಡದ ಕಥೆ ಇರುವ ಮಕ್ಕಳ ಪುಸ್ತಕವಂತೂ ಬೇರೆ ಕೋಣೆಯಲ್ಲೇ ಇದೆ. ನಮಗೆ ಈ ವಿಂಗಡಣೆ ಬೇಕು. ಆದರೆ ಕುಂಡದಲ್ಲಿ ಗಿಡ ಒಣಗುತ್ತಿದೆ ಅಂತ ಬಂದವರು ಮೂರು ಕಡೆ ಯಾಕೆ ಅಲೆಯಬೇಕು? ಒಂದು ಮೇಜಿನ ಮೇಲೆ ಎಲ್ಲವನ್ನೂ ಒಟ್ಟಿಗೆ ಇಟ್ಟೆ. ಒಂದು ಎಚ್ಚರಿಕೆ: ಹಾಗೆ ಹೊರಗಿಟ್ಟ ಪುಸ್ತಕಗಳ ಜಾಗದಲ್ಲಿ ಕಪಾಟಿನೊಳಗೆ ಒಂದು ಚೀಟಿ ಇಡಿ. ನಾನು ಇಡಲಿಲ್ಲ. ಒಂದು ಪುಸ್ತಕ ಕಳೆದೇ ಹೋಯಿತು ಅಂತ ಇಡೀ ದಿನ ಹುಡುಕಿದೆ. ಅದು ಕಣ್ಣೆದುರಿನ ಮೇಜಿನ ಮೇಲಿತ್ತು.

ಈಗ ನನ್ನ ದೊಡ್ಡ ತಪ್ಪಿಗೆ ಬರುತ್ತೇನೆ.

ಹಾಳೆಗೆ ಸ್ವಲ್ಪ ಜೀವ ಬರಲಿ ಅಂತ ‘ಈ ತಿಂಗಳ ಓದುಗರು’ ಅಂತ ಒಂದು ಜಾಗ ಮಾಡಿದೆ. ಜಾಸ್ತಿ ಪುಸ್ತಕ ಓದಿದವರ ಹೆಸರು, ಕೆಳಗೆ ಅವರು ತೆಗೆದುಕೊಂಡ ಪುಸ್ತಕಗಳ ಹೆಸರು. ಮೊದಲ ತಿಂಗಳು ಎಲ್ಲರಿಗೂ ಖುಷಿ. ಎರಡನೇ ತಿಂಗಳು ಹಾಕಿದವರ ಪಟ್ಟಿಯಲ್ಲಿ ಒಂದು ಕಾಯಿಲೆಯ ಬಗ್ಗೆ ಎರಡು ಪುಸ್ತಕಗಳಿದ್ದವು. ನಾನು ಯೋಚನೆಯನ್ನೇ ಮಾಡಲಿಲ್ಲ, ರಿಜಿಸ್ಟರ್ ನೋಡಿಕೊಂಡು ಸುಮ್ನೆ ಇಳಿಸಿದ್ದೆ. ಅವರು ಬೋರ್ಡಿನ ಮುಂದೆ ನಿಂತು ಓದಿದರು. ಏನೂ ಹೇಳಲಿಲ್ಲ. ಬಾಗಿಲವರೆಗೆ ಹೋದವರು ವಾಪಸ್ ಬಂದು, “ಮನೆಯಲ್ಲಿ ಇನ್ನೂ ಯಾರಿಗೂ ಹೇಳಿರಲಿಲ್ಲ ಮೇಡಂ” ಅಂದರು. ಅಷ್ಟೇ. ಆಮೇಲೆ ಬಹಳ ದಿನ ಅವರು ಬರಲಿಲ್ಲ.

ಆ ಹಾಳೆಗಳನ್ನೆಲ್ಲ ಆವತ್ತೇ ಕಿತ್ತೆ. ಆದರೆ ಓದಿದವರ ತಲೆಯಿಂದ ಕೀಳೋಕಾಗುತ್ತದಾ? ಯಾರು ಏನು ಓದುತ್ತಾರೆ ಅನ್ನುವುದನ್ನು ಹೊರಗೆ ಹೇಳಬಾರದು ಅನ್ನುವುದು ನಮ್ಮ ಕೆಲಸದ ಹಳೇ ನಿಯಮ. ಇಫ್ಲಾ ಎಂಬ ಗ್ರಂಥಾಲಯಗಳ ಅಂತರರಾಷ್ಟ್ರೀಯ ಒಕ್ಕೂಟ 2012ರಲ್ಲಿ ತಂದ ನೀತಿ ಸಂಹಿತೆಯಲ್ಲೂ ಅದಿದೆ. ಹೊಗಳುವ ಉತ್ಸಾಹದಲ್ಲಿ ನಾನು ಅದನ್ನು ಮರೆತಿದ್ದೆ.

ಆಮೇಲೆ ಸುತ್ತ ನೋಡಿದರೆ ಇದೇ ತಪ್ಪು ಇನ್ನೂ ಎಷ್ಟು ಕಡೆ ನಡೆಯುತ್ತಿತ್ತು ಅಂತ ಕಂಡಿತು. ನಮ್ಮ ಎರವಲು ರಿಜಿಸ್ಟರ್ ಮೇಜಿನ ಮೇಲೆ ತೆರೆದೇ ಇರುತ್ತಿತ್ತು. ಸಹಿ ಹಾಕುವವರಿಗೆ ಮೇಲಿನ ಹತ್ತು ಸಾಲೂ ಕಾಣುತ್ತವೆ. ಈಗ ಒಂದು ಸಾಲು ಮಾತ್ರ ಕಾಣುವ ಹಾಗೆ ರಟ್ಟಿನಲ್ಲಿ ಸೀಳು ಮಾಡಿ ಅದರ ಮೇಲೆ ಇಟ್ಟಿದ್ದೇನೆ. ಎರವಲಿನ ಲೆಕ್ಕವನ್ನು ಕಾರ್ಡುಗಳಲ್ಲಿ ಇಡುವ ಹಳೇ ಬ್ರೌನ್ ಪದ್ಧತಿ ಈ ವಿಷಯದಲ್ಲಿ ಎಷ್ಟೋ ವಾಸಿ. ಪುಸ್ತಕದ ಕಾರ್ಡು ಓದುಗರ ಚೀಟಿಯ ಜೇಬಿಗೆ ಹೋಗುತ್ತದೆ, ವಾಪಸ್ ಬಂದ ಮೇಲೆ ಮತ್ತೆ ಪುಸ್ತಕದೊಳಗೆ. ಯಾರು ತೆಗೆದುಕೊಂಡಿದ್ದರು ಅನ್ನುವುದಕ್ಕೆ ಗುರುತೇ ಉಳಿಯುವುದಿಲ್ಲ. ಕಂಪ್ಯೂಟರಿನಲ್ಲಿ ಕೋಹಾ ಎಂಬ ಲೈಬ್ರರಿ ಸಾಫ್ಟ್‌ವೇರ್ ಬಳಸುವವರಿಗೂ ಹಳೇ ಎರವಲಿನಿಂದ ಓದುಗರ ಹೆಸರು ಅಳಿಸುವ ಸೌಲಭ್ಯ ಇದೆ, ಸೆಟ್ಟಿಂಗ್ಸ್‌ನಲ್ಲಿ ಒಮ್ಮೆ ನೋಡಿ. ‘ಈ ತಿಂಗಳ ಓದುಗರು’ ಹೋಗಿ ಆ ಜಾಗಕ್ಕೆ ‘ಒಬ್ಬ ಓದುಗರು ಬರೆದಿದ್ದು’ ಬಂತು. ತಾವಾಗಿಯೇ ಬರೆದು ಡಬ್ಬಿಗೆ ಹಾಕಿದ್ದನ್ನು ಮಾತ್ರ ಹಾಕುತ್ತೇನೆ. ಹೆಸರು ಬೇಕೋ ಬೇಡವೋ ಅನ್ನುವುದು ಅವರಿಗೇ ಬಿಟ್ಟದ್ದು.

ಮಕ್ಕಳ ಕಥೆ ಕಾರ್ಯಕ್ರಮದಲ್ಲಿ ಆದದ್ದು ಇಷ್ಟು ದೊಡ್ಡ ತಪ್ಪಲ್ಲ. ಒಮ್ಮೆ ಶನಿವಾರ, ಒಮ್ಮೆ ಭಾನುವಾರ, ನನಗೆ ಬಿಡುವಾದಾಗ ಅಂತ ನಡೆಸುತ್ತಿದ್ದೆ. ಒಂದು ಸಲ ದಿನ ಬದಲಾಯಿಸಿದ್ದನ್ನು ಬೋರ್ಡಿಗೆ ಹಾಕಿದೆ, ಮೊದಲೇ ಹಂಚಿದ್ದ ಹಾಳೆಯಲ್ಲಿ ಹಳೇ ದಿನವೇ ಇತ್ತು. ಒಬ್ಬ ಅಜ್ಜ ಮೊಮ್ಮಗಳನ್ನು ಕರೆದುಕೊಂಡು ಮಳೆಯಲ್ಲಿ ಬಂದು, ಬೀಗ ನೋಡಿ ಹೋದರಂತೆ. ಅವತ್ತಿನಿಂದ ಒಂದೇ ದಿನ, ಒಂದೇ ಹೊತ್ತು. ಒಂದೇ ಮಗು ಬಂದರೂ ಓದುವುದು. ನಿಜವಾಗಿಯೂ ಒಂದೇ ಮಗು ಬಂದ ದಿನವೂ ಇತ್ತು. ಅರ್ಧ ಗಂಟೆಗೆ ಮೂರು ಪುಸ್ತಕ ಮುಗಿಸಿ ಏಳಹೊರಟರೆ ಅವನು, “ಇವತ್ತು ನಾನೊಬ್ಬನೇ ಅಲ್ವಾ, ಇನ್ನೊಂದು ಓದಿ” ಅಂದ.

ನಿಧಾನಕ್ಕೆ ಮಕ್ಕಳು ಹೆಚ್ಚಿದರು, ಕೋಣೆ ತುಂಬಿತು, ಫೋಟೋ ಚೆನ್ನಾಗಿ ಬಂತು. ಆದರೆ ಮಕ್ಕಳ ಪುಸ್ತಕ ಹೊರಗೆ ಹೋಗುವುದು ಒಂದಿಷ್ಟೂ ಹೆಚ್ಚಲಿಲ್ಲ. ಕಾರಣ ಹೊಳೆಯೋಕೆ ತಿಂಗಳುಗಳೇ ಬೇಕಾದವು. ಕಥೆ ಮುಗಿಯುವ ಹೊತ್ತಿಗೇ ನಾವು ಎರವಲು ಮೇಜು ಮುಚ್ಚುತ್ತಿದ್ದೆವು! ಅಪ್ಪ-ಅಮ್ಮಂದಿರು ಅವಸರದಲ್ಲಿ ಮಕ್ಕಳನ್ನು ಎಳೆದುಕೊಂಡು ಹೊರಡುತ್ತಿದ್ದರು. ಕಥೆಯನ್ನು ಮುಕ್ಕಾಲು ಗಂಟೆ ಹಿಂದಕ್ಕೆ ತಂದೆ, ಓದಿದ ಪುಸ್ತಕಗಳನ್ನು ಮಗುವಿನ ಕೈಗೆಟುಕುವ ಎತ್ತರದಲ್ಲಿ ಇಟ್ಟೆ. ಈಗ ಆ ಮೂರು ಪುಸ್ತಕಗಳಿಗೆ ಜಗಳವೇ ಆಗುತ್ತದೆ.

ದಂಡದ ವಿಷಯ. ಷಿಕಾಗೊ ನಗರದ ಲೈಬ್ರರಿ 2019ರಲ್ಲಿ ತಡವಾದದ್ದಕ್ಕೆ ದಂಡ ಹಾಕುವುದನ್ನೇ ನಿಲ್ಲಿಸಿತು, ನ್ಯೂಯಾರ್ಕ್ 2021ರಲ್ಲಿ. ನಮಗೆ ಅಷ್ಟು ಧೈರ್ಯ ಇರಲಿಲ್ಲ. ಒಂದು ತಿಂಗಳ ಮಾಫಿ ಅಂತ ಒಪ್ಪಿಸಿದೆ. ಮೊದಲ ಕರಡಿನಲ್ಲಿ ‘ಬಾಕಿದಾರರು ಕೂಡಲೇ’ ಅಂತ ಬರೆದಿದ್ದೆ, ಹಳೇ ಚಾಳಿ. ಹರಿದು ಹಾಕಿ ಹೀಗೆ ಬರೆದೆ: ‘ನಿಮ್ಮ ಮನೆಯಲ್ಲಿ ನಮ್ಮ ಪುಸ್ತಕ ಇದ್ದರೆ ತಂದುಕೊಡಿ. ಯಾಕೆ ತಡವಾಯಿತು ಅಂತ ಕೇಳುವುದಿಲ್ಲ.’ ಬಾಗಿಲ ಹೊರಗೆ, ಮಳೆ ಬೀಳದ ಕಡೆ ಒಂದು ಪೆಟ್ಟಿಗೆಯನ್ನೂ ಇಟ್ಟೆವು, ಮುಖ ತೋರಿಸೋಕೆ ಸಂಕೋಚಪಡುವವರಿಗೆ. ಪುಸ್ತಕಗಳು ಬಂದವು. ಕೆಲವಕ್ಕೆ ಯಾರೋ ಹೊಸದಾಗಿ ರಟ್ಟು ಹಾಕಿಸಿದ್ದರು. ನನಗೆ ಅದಕ್ಕಿಂತ ಮುಖ್ಯ ಅನ್ನಿಸಿದ್ದು, ಮುಂದಿನ ವಾರಗಳಲ್ಲಿ ಹಳೇ ಸದಸ್ಯರು ಒಬ್ಬೊಬ್ಬರೇ ಬರೋಕೆ ಶುರುಮಾಡಿದ್ದು. ಒಂದು ಪುಸ್ತಕದ ಬಾಕಿಗೆ ಹೆದರಿ ಅವರು ವರ್ಷಗಟ್ಟಲೆ ಈ ಕಡೆ ಬಂದಿರಲಿಲ್ಲ.

ಈಗ ಪ್ರತಿ ಕಾರ್ಯಕ್ರಮಕ್ಕೂ ಎರಡು ಲೆಕ್ಕ ಬರೆದಿಡುತ್ತೇನೆ: ಎಷ್ಟು ಜನ ಬಂದರು, ಆ ದಿನ ಎಷ್ಟು ಪುಸ್ತಕ ಹೊರಗೆ ಹೋದವು. ಮೇಲಿನವರು ಕೇಳುವುದು ಮೊದಲನೆಯದನ್ನೇ. ನಾನು ಮುಂದಿನ ತಿಂಗಳ ಹಾಳೆ ಬರೆಯೋಕೆ ಕೂರುವಾಗ ನೋಡುವುದು ಎರಡನೆಯದನ್ನು.