ಅಡ್ಮಿಟ್ ಆಗುವ ಮುಂಚೆ ಪಾಲಿಸಿಯಲ್ಲಿ ‘ರೂಮ್ ರೆಂಟ್ ಲಿಮಿಟ್’ ನೋಡಿ

ಆಸ್ಪತ್ರೆಯಲ್ಲಿ ರೂಮ್ ಆರಿಸುವ ಮುಂಚೆ ನಿಮ್ಮ ಹೆಲ್ತ್ ಇನ್ಶೂರೆನ್ಸ್ ಪಾಲಿಸಿಯಲ್ಲಿ ‘ರೂಮ್ ರೆಂಟ್ ಲಿಮಿಟ್’ (ದಿನದ ರೂಮ್ ಬಾಡಿಗೆಗೆ ಇನ್ಶೂರೆನ್ಸ್ ಕಂಪನಿ ಕೊಡುವ ಗರಿಷ್ಠ ಮೊತ್ತ) ಎಷ್ಟಿದೆ ನೋಡಿ, ಅದರೊಳಗಿನ ರೂಮನ್ನೇ ಕೇಳಿ. ಮಿತಿ ದಾಟಿದರೆ ಬಾಡಿಗೆಯ ವ್ಯತ್ಯಾಸ ಮಾತ್ರ ಕೈಯಿಂದ ಹೋಗುತ್ತೆ ಅಂತ ತುಂಬಾ ಜನ ಅಂದುಕೊಂಡಿರುತ್ತಾರೆ. ಹಾಗಲ್ಲ. ‘ಪ್ರೊಪೋರ್ಷನೇಟ್ ಡಿಡಕ್ಷನ್’ ಅಂತ ಒಂದಿದೆ: ರೂಮ್ ದುಬಾರಿಯಾದಷ್ಟೂ ಡಾಕ್ಟರ್ ಫೀ, ಆಪರೇಷನ್ ಥಿಯೇಟರ್ ಚಾರ್ಜ್ ಕೂಡ ಏರುವುದರಿಂದ, ಅವುಗಳಿಗೂ ಅದೇ ಲೆಕ್ಕದಲ್ಲಿ ಕತ್ತರಿ. 3 ಲಕ್ಷದ ಪಾಲಿಸಿ, ದಿನಕ್ಕೆ 1% ಮಿತಿ ಅಂದರೆ 3,000 ರೂಪಾಯಿ. ನೀವು 6,000ದ ರೂಮ್ ತಗೊಂಡರೆ ಸರ್ಜನ್ ಫೀ 40,000ದಲ್ಲಿ ಬರುವುದು 20,000 ಮಾತ್ರ! ಔಷಧಿ, ಸ್ಟೆಂಟ್‌ನಂಥ ಇಂಪ್ಲಾಂಟ್, ರಕ್ತಪರೀಕ್ಷೆ, ಸ್ಕ್ಯಾನಿಂಗ್‌ಗೆ ಈ ಕತ್ತರಿ ಹಾಕುವಂತಿಲ್ಲ, ಐಸಿಯು ಚಾರ್ಜಿಗೂ ಇಲ್ಲ. ಹಾಕಿದ್ದರೆ ಸುಮ್ನೆ ಬಿಡಬೇಡಿ, ಕಂಪನಿಯಿಂದ ಲಿಖಿತವಾಗಿ ಕಾರಣ ಕೇಳಿ. ರೂಮ್ ಯಾವುದಾದರೂ ಒಂದೇ ದರ ಹಾಕುವ ಆಸ್ಪತ್ರೆಗಳಲ್ಲೂ ಇದು ಅನ್ವಯಿಸುವುದಿಲ್ಲ. ಇನ್ನೊಂದು ವಿಷಯ, ಕೆಲವು ಪಾಲಿಸಿಗಳಲ್ಲಿ ನರ್ಸಿಂಗ್ ಚಾರ್ಜ್ ಕೂಡ ಆ 3,000ದೊಳಗೇ ಸೇರಿರುತ್ತೆ, ಇನ್ಶೂರೆನ್ಸ್ ಡೆಸ್ಕಿನಲ್ಲಿ ಕೇಳಿಬಿಡಿ. ಮಿತಿಯೊಳಗಿನ ರೂಮ್ ಖಾಲಿಯೇ ಇಲ್ಲದಿದ್ದರೆ, ಅಥವಾ ರಾತ್ರಿ ಎಮರ್ಜೆನ್ಸಿಯಲ್ಲಿ ಹೋದರೆ, ಈ ಉಪಾಯ ನಡೆಯಲ್ಲ. ಆಗ ಯಾರು ರೂಮ್ ಆರಿಸುತ್ತಾ ಕೂರುತ್ತಾರೆ, ಅಲ್ವಾ? ಕಡಿಮೆ ಬಾಡಿಗೆಯ ರೂಮ್ ಖಾಲಿಯಾದ ಕೂಡಲೇ ಬದಲಾಯಿಸಿಕೊಡಿ ಅಂತ ಬರೆದುಕೊಡಿ. ಪಾಲಿಸಿಯಲ್ಲಿ ಕೋ-ಪೇ (ಬಿಲ್ಲಿನ ಇಂತಿಷ್ಟು ಪಾಲು ನೀವೇ ಕೊಡಬೇಕೆಂಬ ಷರತ್ತು) ಇದ್ದರೆ ಅದು ಹೇಗಿದ್ದರೂ ಕಟ್ ಆಗುತ್ತೆ, ರೂಮಿಗೂ ಅದಕ್ಕೂ ಸಾಮಾನ್ಯವಾಗಿ ಸಂಬಂಧವಿಲ್ಲ.